ಮೊದಲು ಪ್ರೊಸೆಸರ್, ಆಮೇಲೆ ಎಫ್‌ಪಿಜಿಎ

ಪ್ರೊಸೆಸರ್ ಮತ್ತು ಎಫ್‌ಪಿಜಿಎ (ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಲಾಜಿಕ್) ಒಂದೇ ಚಿಪ್ಪಿನಲ್ಲಿದ್ದರೆ ಯಾವುದು ಮೊದಲು ಏಳಬೇಕು ಎಂಬುದು ಇತ್ಯರ್ಥವಾಗಬೇಕು. ಆಲ್ಟೆರಾದ ಸೈಕ್ಲೋನ್-5 ಎಸ್‌ಒಸಿಯಲ್ಲಿ ಯಾವುದನ್ನಾದರೂ ಮೊದಲು ಎಬ್ಬಿಸಬಹುದು. ಝೈಲಿಂಕ್ಸ್ 2011ರಲ್ಲಿ ಪ್ರಕಟಿಸಿದ ಝಿಂಕ್-7000 ಸರಣಿಯಲ್ಲಿ ಆ ಆಯ್ಕೆ ಇಲ್ಲ. ಅಲ್ಲಿ ಪ್ರೊಸೆಸರೇ ಮೊದಲು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಚಂದ್ರನ ಕಕ್ಷೆಗೆಂದು ರೂಪಿಸುತ್ತಿರುವ ‘ಪ್ರತುಷ್’ ರೇಡಿಯೊಮೀಟರಿನಲ್ಲಿ ಯಜಮಾನಿಕೆ ಪುಟ್ಟ ಸಿಂಗಲ್ ಬೋರ್ಡ್ ಕಂಪ್ಯೂಟರಿನದು, ಲೆಕ್ಕದ ದುಡಿಮೆ ಎಫ್‌ಪಿಜಿಎಯದು. ಇಂಥದೇ ಜೋಡಿಯನ್ನು ಝಿಂಕ್ ಒಂದು ಚಿಪ್ಪಿಗೆ ಇಳಿಸಿದೆ.

ಪವರ್ ಕೊಟ್ಟೊಡನೆ ಚಿಪ್ಪಿನೊಳಗಿನ ಬೂಟ್ ರೋಮ್ ಮೋಡ್ ಪಿನ್‌ಗಳನ್ನು ಓದುತ್ತದೆ. ಝಿಂಕ್ ಚಿಪ್ಪಿರುವ ಝೆಡ್‌ಬೋರ್ಡಿನಲ್ಲಿ ಇವು ಜೆಪಿ7ರಿಂದ ಜೆಪಿ11ರವರೆಗಿನ ಜಂಪರ್‌ಗಳು. ಎಸ್‌ಡಿ ಕಾರ್ಡಿನಿಂದ ಬೂಟ್ ಆಗಬೇಕಾದರೆ ಜೆಪಿ9, ಜೆಪಿ10 ಮಾತ್ರ 3.3 ವೋಲ್ಟಿನ ಕಡೆಗಿರಬೇಕು, ಉಳಿದವು ಗ್ರೌಂಡಿಗೆ. ಪಿನ್‌ಗಳನ್ನು ಓದುವುದು ಪವರ್-ಆನ್ ರಿಸೆಟ್ ಹೊತ್ತಿನಲ್ಲಷ್ಟೇ. ಬೋರ್ಡ್ ಓಡುತ್ತಿರುವಾಗ ಜಂಪರ್ ಬದಲಿಸಿ ಕಾಯುತ್ತ ಕೂತರೆ ಏನೂ ಆಗದು.

ಕಾರ್ಡಿನಲ್ಲಿ ಬೂಟ್ ರೋಮ್ ಹುಡುಕುವುದು ‘ಬೂಟ್ ಡಾಟ್ ಬಿನ್’ ಎಂಬ ಒಂದೇ ಫೈಲನ್ನು. ಅದರಲ್ಲಿರುವ ಎಫ್‌ಎಸ್‌ಬಿಎಲ್ ಎಂಬ ಮೊದಲ ಹಂತದ ಲೋಡರ್ 192 ಕೆಬಿ ಮೀರುವಂತಿಲ್ಲ. ಡಿಡಿಆರ್ ಮೆಮೊರಿ ಇನ್ನೂ ಎದ್ದಿರುವುದಿಲ್ಲವಾದ್ದರಿಂದ ಅದು ಚಿಪ್ಪಿನ ಒಳಮೆಮೊರಿಯಲ್ಲೇ ಹಿಡಿಸಬೇಕು. ಕ್ಲಾಕ್, ಡಿಡಿಆರ್ ಅಣಿಮಾಡುವುದು, ಎಫ್‌ಪಿಜಿಎ ವಿನ್ಯಾಸದ ಫೈಲಾದ ಬಿಟ್‌ಸ್ಟ್ರೀಮ್ ಇದ್ದರೆ ಅದನ್ನು ಲಾಜಿಕ್‌ಗೆ ತುಂಬುವುದು ಎಫ್‌ಎಸ್‌ಬಿಎಲ್ ಕೆಲಸ. ತುಂಬಿತೆಂಬುದಕ್ಕೆ ಗುರುತು ನೀಲಿ ‘ಡನ್’ ಎಲ್‌ಇಡಿ. ಆಮೇಲಿನದು ಯು-ಬೂಟ್, ಲಿನಕ್ಸ್. ಅದು ಎಲ್ಲ ಬೋರ್ಡುಗಳ ಕಥೆಯೇ.

ಝಿಂಕ್‌ನ ಲಾಜಿಕ್ ಎಸ್‌ರ‍್ಯಾಮ್ ಆಧಾರಿತ. ಕರೆಂಟ್ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಹಾವೇರಿ ಕಡೆಯ ಕದರಮಂಡಲಗಿಯಂಥ ಊರಿನಲ್ಲಿ ಕರೆಂಟ್ ಹೋಗಿ ಬಂದಂತೆಲ್ಲ ಇಷ್ಟೂ ಮೊದಲಿನಿಂದ ನಡೆಯಬೇಕು. ಮೈಕ್ರೋಚಿಪ್ಪಿನ ಪೋಲಾರ್‌ಫೈರ್ ಎಸ್‌ಒಸಿಯಲ್ಲಿ ಲಾಜಿಕ್ ಫ್ಲ್ಯಾಶ್ ಆಧಾರಿತವಾದ್ದರಿಂದ ಬಿಟ್‌ಸ್ಟ್ರೀಮ್ ಉಳಿದೇ ಇರುತ್ತದೆ. ಝಿಂಕ್‌ಗೂ ಒಂದು ಆಸರೆಯುಂಟು: ಕ್ಯುಎಸ್‌ಪಿಐ ಫ್ಲ್ಯಾಶಿನಲ್ಲಿ ಮೊದಲ ಹೆಡರ್ ಕೆಟ್ಟಿದ್ದರೆ ಬೂಟ್ ರೋಮ್ 32 ಕೆಬಿ ಮುಂದೆ ಮುಂದೆ ಜಿಗಿಯುತ್ತ ಸರಿಯಾದ ಇನ್ನೊಂದನ್ನು ಹುಡುಕುತ್ತದೆ. ದೂರದಲ್ಲಿಟ್ಟ ಉಪಕರಣಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹೆಚ್ಚು ಜನ ಎಡವುವುದು ಲಿನಕ್ಸ್ ಬಂದ ಮೇಲೆ. ಖಾಲಿ ಲಾಜಿಕ್‌ನ ವಿಳಾಸವನ್ನು ಓದಹೊರಟರೆ ಎರಡನ್ನೂ ಜೋಡಿಸುವ ಎಎಕ್ಸ್‌ಐ ಬಸ್ಸಿನಿಂದ ಪ್ರೊಸೆಸರಿಗೆ ಉತ್ತರ ಬರುವುದಿಲ್ಲ. ಪ್ರೊಸೆಸರ್ ಅಲ್ಲೇ ಹ್ಯಾಂಗ್, ಎರರ್ ಮೆಸೇಜೂ ಇಲ್ಲ. ಬೈಗುಳ ಬೀಳುವುದು ಡ್ರೈವರಿಗೆ. ಲಿನಕ್ಸ್ ಓದುವ ಹಾರ್ಡ್‌ವೇರ್ ಪಟ್ಟಿಯಾದ ಡಿವೈಸ್ ಟ್ರೀಯಲ್ಲಿ ಲಾಜಿಕ್‌ನೊಳಗಿನ ಸಾಧನದ ಹೆಸರಿದ್ದು ಬಿಟ್‌ಸ್ಟ್ರೀಮ್ ಇಲ್ಲದಿದ್ದರೂ ಇದೇ ಗತಿ.

ಹಾವೇರಿ, ರಾಣೆಬೆನ್ನೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಬೋರ್ಡ್ ಕೈಗೆತ್ತಿಕೊಂಡಾಗ ಮೊದಲು ಬಿಟ್‌ಸ್ಟ್ರೀಮ್ ಇಲ್ಲದೆಯೇ ಬೂಟ್ ಮಾಡಲಿ. ಸೀರಿಯಲ್ ಕನ್ಸೋಲಿನಲ್ಲಿ, 115200 ಬಾಡ್‌ನಲ್ಲಿ, ಯು-ಬೂಟ್ ಮಾತಾಡಿದ ಮೇಲಷ್ಟೇ ಲಾಜಿಕ್‌ಗೆ ಕೈಹಾಕಲಿ.