ಅವಾಹಕದೊಳಗಿನ ಆವೇಶ: ಪಾಠ ಬಿಟ್ಟ ಭಾಗ

‘ಅವಾಹಕದಲ್ಲಿ ವಿದ್ಯುತ್ ಹರಿಯುವುದಿಲ್ಲ’ ಎಂಬಲ್ಲಿಗೆ ನಮ್ಮ ಪ್ರೌಢಶಾಲೆಯ ಪಾಠ ಮುಗಿದುಹೋಗುತ್ತದೆ. ಆದರೆ ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನೂ ನಾವೇ ಕಲಿಸಿರುತ್ತೇವೆ. ಹರಿಯದ ಆವೇಶ ಎಲ್ಲಿ ಹೋಯಿತು? ಅಲ್ಲೇ ಕುಳಿತಿತು. ಈ ಪ್ರಶ್ನೆ ವಿದ್ಯಾರ್ಥಿಗೆ ಏಳುವಂತೆ ಪಾಠ ಬರೆದಿಲ್ಲ ಎಂಬುದೇ ನನ್ನ ಆಕ್ಷೇಪ.

ಗಾಜಿನ ಕಡ್ಡಿ–ರೇಷ್ಮೆಯ ಪ್ರಯೋಗಕ್ಕೆ ಮೊಳಕಾಲ್ಮೂರಿಗಿಂತ ಒಳ್ಳೆಯ ಜಾಗ ಬೇಕೆ? ಸೀರೆಯ ಊರು, ಹವೆಯೂ ಒಣ. ಆದರೂ ಪ್ರಯೋಗ ಕೆಲವೊಮ್ಮೆ ಕೈಕೊಡುತ್ತದೆ. ಬಟ್ಟೆಯಲ್ಲಿ ಉಳಿದ ಸೋಪು, ಕೈಬೆವರಿನ ಉಪ್ಪು ತೇವ ಹಿಡಿದು ಮೇಲ್ಮೈಯಲ್ಲಿ ದಾರಿ ಮಾಡಿಕೊಡುತ್ತವೆ, ಆವೇಶ ಸೋರಿಹೋಗುತ್ತದೆ. ‘ಒಣ ಬಟ್ಟೆ ಬಳಸಿ’ ಎಂದಷ್ಟೇ ಹೇಳಿದರೆ ಇಲ್ಲಿನ ರಸಾಯನ ವಿಜ್ಞಾನ ಮರೆಯಾಗುತ್ತದೆ.

ಭಾರಿ ಕೇಬಲ್ಲಿನ ಒಳಗೆ ಇಂಥ ಉಳಿಕೆಯೇ ತದ್ವಿರುದ್ಧ ಕೆಲಸ ಮಾಡಬಲ್ಲದು. ಪಾಲಿಥೀನ್ ಸರಪಳಿಗಳನ್ನು ಒಂದಕ್ಕೊಂದು ಬೆಸೆಯಲು ಸಾಮಾನ್ಯವಾಗಿ ಡೈಕ್ಯುಮಿಲ್ ಪೆರಾಕ್ಸೈಡ್ ಸೇರಿಸಿ ಕಾಯಿಸುತ್ತಾರೆ. ಅದು ಒಡೆದಾಗ ಅಸಿಟೋಫಿನೋನ್, ಕ್ಯುಮಿಲ್ ಆಲ್ಕೊಹಾಲ್, ಆಲ್ಫಾ-ಮೀಥೈಲ್ ಸ್ಟೈರೀನ್, ಮೀಥೇನ್ ಹುಟ್ಟುತ್ತವೆ. ಏಕಮುಖ ವೋಲ್ಟೇಜಿನಲ್ಲಿ ಇಂಥ ಉಳಿಕೆಗಳು, ಅದರಲ್ಲೂ ಅಸಿಟೋಫಿನೋನ್ ತೇವದೊಡನೆ ಸೇರಿದಾಗ, ಅಯಾನುಗಳು ಬೇರ್ಪಡಲು ನೆರವಾಗುತ್ತವೆ. ಧನ ಅಯಾನು ಋಣ ವಿದ್ಯುದ್ವಾರದ ಬಳಿ, ಋಣ ಅಯಾನು ಧನದ ಬಳಿ ಹೋಗಿ ನಿಲ್ಲುತ್ತದೆ. ಅಲ್ಲಿ ವಿದ್ಯುತ್ ಕ್ಷೇತ್ರ ಲೆಕ್ಕ ಹಾಕಿದ್ದಕ್ಕಿಂತ ಏರಿ ನಿರೋಧನವೇ ಸೀಳಬಹುದು. ಪರ್ಯಾಯ ವಿದ್ಯುತ್ತಿನಲ್ಲಿ ಸೆಕೆಂಡಿಗೆ 50 ಆವರ್ತ. ಹೀಗೆ ಜಮೆಯಾಗಲು ಪುರುಸೊತ್ತಿಲ್ಲ. ಕಾರ್ಖಾನೆಯಲ್ಲಿ ಕೇಬಲ್ಲನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬಿಸಿಯಲ್ಲಿಡುವುದು ಈ ಉಳಿಕೆಗಳನ್ನು ಹೊರಹಾಕಲಿಕ್ಕೆ. ಮೀಥೇನ್ ಬೆಂಕಿ ಹತ್ತೀತೆಂಬ ಭಯವೂ ಅದಕ್ಕೆ ಒಂದು ಕಾರಣ.

ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ ಏಕಮುಖ ಮಾರ್ಗ ಗಾಳಿಯಲ್ಲೇ ತೂಗುವಂಥದ್ದು. ಅಲ್ಲಿ ಪಾಲಿಥೀನಿನ ಮಾತಿಲ್ಲ. 2021ರ ಪುಗಳೂರು–ತ್ರಿಶೂರು ಮಾರ್ಗದಲ್ಲಿ (±320 ಕಿಲೋವೋಲ್ಟ್) ಒಂದು ಭಾಗ ನೆಲದಡಿಯ ಪಾಲಿಥೀನ್ ಕೇಬಲ್. ವಿಷಯ ನಮ್ಮ ನೆರೆಗೇ ಬಂದಾಗಿದೆ. ಪಾಠಕ್ಕೆ ಮಾತ್ರ ಬಂದಿಲ್ಲ.

ಹಾಗೆಂದು ಚಳ್ಳಕೆರೆಯ ನೆರೆಯ ಪಾವಗಡ ಸೌರ ಪಾರ್ಕಿನ ತಂತಿಗಳನ್ನು ತೋರಿಸಿ ಮಕ್ಕಳನ್ನು ಹೆದರಿಸುವುದೂ ಸರಿಯಲ್ಲ. ಸೌರ ಫಲಕದ ತಂತಿಗೆ ಹೆಚ್ಚೆಂದರೆ 1500 ವೋಲ್ಟ್. ನಿರೋಧನದಲ್ಲಿ ಮಿಲಿಮೀಟರಿಗೆ ಒಂದೆರಡು ಕಿಲೋವೋಲ್ಟ್ ಅಷ್ಟೆ. ಆವೇಶದ ಜಮಾವಣೆ ಗಂಭೀರವಾಗುವುದು ಸುಮಾರು 10 ಕಿಲೋವೋಲ್ಟಿನ ಆಸುಪಾಸಿನಲ್ಲಿ. ಪ್ರಮಾಣ ಹೇಳದೆ ಅಪಾಯ ಹೇಳುವ ಜನಪ್ರಿಯ ಲೇಖನಗಳಿಗೂ ಈ ಮಾತು ಅನ್ವಯಿಸುತ್ತದೆ.

ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ತರಬೇತಿಗೆ ಬರುವ ಶಿಕ್ಷಕರು ಒಂದು ಪ್ರಯೋಗ ಮಾಡಿ ನೋಡಬಹುದು. ಒಂದೇ ರೇಷ್ಮೆಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಚೆನ್ನಾಗಿ ಜಾಲಿಸಿ, ಇನ್ನೊಂದರಲ್ಲಿ ಸೋಪು ಹಾಗೆಯೇ ಬಿಡಿ, ಎರಡನ್ನೂ ಒಣಗಿಸಿ. ಪ್ರತಿ ಸಲವೂ ಗಾಜಿನ ಕಡ್ಡಿ ತೊಳೆದು ಒರೆಸಿ, ಉಜ್ಜಿ. ಎಷ್ಟು ಚೂರು ಅಂಟಿದವು, ಎಷ್ಟು ಹೊತ್ತು ನಿಂತವು ಎಂದು ಬರೆದುಕೊಳ್ಳಿ, ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ.