ಎತ್ತಿ ಹಾಕುವ ಎದೆಗಾರಿಕೆ

2023ರ ಆಯುಧಪೂಜೆಯ ದಿನ, ಅಕ್ಟೋಬರ್ 23ರ ಸೋಮವಾರ, ಭಾರತದ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿ ದಿಲ್ಲಿಯಲ್ಲಿ ತೀರಿಕೊಂಡರು. ವಯಸ್ಸು 77. ಮರುದಿನವೇ ದಸರೆ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಶಹಾಬಾದ್ ಕಡೆಯ ಹಳೆಯ ಕ್ರಿಕೆಟ್ ಪ್ರೇಮಿಗಳಿಗೆ ಆ ಸಲ ಬನ್ನಿ ಕೊಡಲು ಹೋದಲ್ಲೆಲ್ಲ ಬೇಡಿಯದೇ ಮಾತು. ಮೊಬೈಲ್‌ನಲ್ಲಿ ವಿಶ್ವಕಪ್ ಸ್ಕೋರು ನೋಡುತ್ತ ಕುಳಿತ ಮೊಮ್ಮಕ್ಕಳಿಗೆ ಆ ಹೆಸರಿನ ಪರಿಚಯವಿರಲಿಲ್ಲ. ಅಜ್ಜಂದಿರಿಗೆ ಮಾತ್ರ ಮನೆಯವರನ್ನೇ ಕಳಕೊಂಡಷ್ಟು ಸಂಕಟ.

ಇವರಲ್ಲಿ ಬಹುತೇಕರು ಬೇಡಿ ಬೌಲಿಂಗ್ ಮಾಡಿದ್ದನ್ನು ಕಣ್ಣಾರೆ ಕಂಡವರಲ್ಲ, ಕಿವಿಯಾರೆ ಕೇಳಿದವರು. ಕಾಡಂಚಿನ ಕುಂಚಾವರಂಗೆ 70ರ ದಶಕದಲ್ಲಿ ಟಿ.ವಿ. ಎಲ್ಲಿಂದ ಬರಬೇಕು? ಚರ್ಮದ ಚೀಲ ತೊಟ್ಟ ಟ್ರಾನ್ಸಿಸ್ಟರೇ ಗತಿ. ಆಕಾಶವಾಣಿಯಲ್ಲಿ ವೀಕ್ಷಕ ವಿವರಣೆ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ, ಸ್ವಲ್ಪ ಹೊತ್ತು ಹಿಂದಿಯಲ್ಲಿ ಬರುತ್ತಿತ್ತು. ಸಂತೆ-ಬಜಾರಿನಲ್ಲಿ ದಖನಿ ಉರ್ದು ಆಡಿ ಬೆಳೆದವರಿಗೆ ಹಿಂದಿಯ ಸರದಿ ಸಲೀಸು. ಇಂಗ್ಲಿಷಿನ ಸರದಿ ಬಂದಾಗ ಮಾತು ಅರ್ಥವಾಗದಿದ್ದರೂ ಯಾರೂ ಗುಂಡಿ ತಿರುಗಿಸುತ್ತಿರಲಿಲ್ಲ. ಹಿಂದೆ ಕೇಳುವ ಜನರ ಕೂಗಿನಲ್ಲೇ ವಿಕೆಟ್ ಬಿತ್ತೋ ಬೌಂಡರಿ ಹೋಯಿತೋ ಗೊತ್ತಾಗುತ್ತಿತ್ತು. ಪತ್ರಿಕೆಯಲ್ಲಿ ಬರುವ ಫೋಟೊ ಕಪ್ಪು-ಬಿಳುಪು. ಸರ್ದಾರನ ತಲೆಯ ಪಟ್ಕಾ ಗುಲಾಬಿಯೋ ನೀಲಿಯೋ ಎಂಬುದನ್ನು ರೇಡಿಯೊದವರು ಹೇಳಿದರಷ್ಟೇ ತಿಳಿಯಬೇಕು.

ಕಿವಿಯಿಂದಲೇ ಅಷ್ಟು ಸ್ಪಷ್ಟವಾಗಿ ಕಾಣುವಂಥದ್ದೇನಿತ್ತು ಆ ಬೌಲಿಂಗಿನಲ್ಲಿ? ನಾಲ್ಕಾರು ಹೆಜ್ಜೆಯ ಓಟ. ಅದರಲ್ಲಿ ಅವಸರವಿಲ್ಲ, ಉಸಿರಿನ ಏರುಪೇರಿಲ್ಲ. ಎಡಗೈ ಎತ್ತರದಲ್ಲಿ ಸುತ್ತಿ ಬರುತ್ತದೆ, ತೋರುಬೆರಳು ಚೆಂಡಿನ ಹೊಲಿಗೆಯನ್ನು ತಿರುವುತ್ತದೆ. ಚೆಂಡು ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೇಳುತ್ತದೆ. ಕೈಗೆ ಸಿಕ್ಕಿತೆಂದು ಅವನು ಕಾಲು ಮುಂದಿಡುತ್ತಾನೆ. ಅಷ್ಟರಲ್ಲಿ ಚೆಂಡು ಅವನೆಣಿಸಿದ್ದಕ್ಕಿಂತ ಗೇಣು ಹಿಂದೆಯೇ ಇಳಿದು, ಬಲಗೈ ಆಟಗಾರನಾದರೆ ಆಫ್ ಕಡೆಗೆ ತಿರುಗಿ ಹೋಗುತ್ತದೆ. ಕವರ್‌ನಲ್ಲಿ ಕ್ಯಾಚು, ಇಲ್ಲವೇ ಕೀಪರ್ ಕೈಯಲ್ಲಿ ಸ್ಟಂಪಿಂಗು. ತಿರುವಿಗೆ ಹೆದರಿ ಕಾದು ನಿಂತವನಿಗೆ ಅದೇ ಕೈಚಳಕದಲ್ಲಿ ತಿರುಗದ ಆರ್ಮ್ ಬಾಲ್ ಸಿದ್ಧ. ಯಾರಾದರೂ ಸಿಕ್ಸರ್ ಬಾರಿಸಿದರೆ ಬೇಡಿ ಚಪ್ಪಾಳೆ ತಟ್ಟುತ್ತಿದ್ದರು. ಅದು ಮನಸಾರೆ ಕೊಡುವ ಮೆಚ್ಚುಗೆ, ಜೊತೆಗೆ ಇನ್ನೊಮ್ಮೆ ಹೊಡೆ ನೋಡೋಣ ಎಂಬ ಆಹ್ವಾನ. ಮುಂದಿನ ಚೆಂಡನ್ನೂ ಅಷ್ಟೇ ಎತ್ತರಕ್ಕೆ ಹಾಕುತ್ತಿದ್ದರು.

ರನ್ ಕೊಡದೆ ಕಟ್ಟಿಹಾಕುವುದೂ ಗೊತ್ತಿತ್ತು. 1975ರ ವಿಶ್ವಕಪ್ಪಿನಲ್ಲಿ ಪೂರ್ವ ಆಫ್ರಿಕಾ ವಿರುದ್ಧ 12 ಓವರ್, 8 ಮೇಡನ್, 6 ರನ್, 1 ವಿಕೆಟ್.

ಕನ್ನಡಿಗರಿಗೂ ಬೇಡಿಗೂ ಇದ್ದ ನಂಟು ಸಿಹಿ-ಕಹಿ ಎರಡನ್ನೂ ಕಂಡದ್ದು. 1974ರ ನವೆಂಬರಿನಲ್ಲಿ ಬೆಂಗಳೂರಿಗೆ ಮೊದಲ ಬಾರಿ ಟೆಸ್ಟ್ ಪಂದ್ಯ ಬಂತು, ಎದುರಾಳಿ ವೆಸ್ಟ್ ಇಂಡೀಸ್. ಸ್ಪಿನ್ನರುಗಳ ಪೈಕಿ ತಂಡದಲ್ಲಿ ಪ್ರಸನ್ನ ಇದ್ದರು, ಚಂದ್ರಶೇಖರ್ ಇದ್ದರು, ವೆಂಕಟರಾಘವನ್ ಇದ್ದರು. ಬೇಡಿ ಮಾತ್ರ ಇರಲಿಲ್ಲ. ಇಂಗ್ಲೆಂಡಿನಲ್ಲಿ ಟಿ.ವಿ. ಸಂದರ್ಶನ ಕೊಟ್ಟರೆಂಬ ಕಾರಣಕ್ಕೆ ಶಿಸ್ತಿನ ಹೆಸರಿನಲ್ಲಿ ಅವರನ್ನು ಕೈಬಿಡಲಾಗಿತ್ತು. ಚೊಚ್ಚಲ ಪಂದ್ಯವಾಡಿದ ವಿವಿಯನ್ ರಿಚರ್ಡ್ಸ್‌ರನ್ನು ಚಂದ್ರ ಎರಡೂ ಇನಿಂಗ್ಸಿನಲ್ಲಿ, 4 ಮತ್ತು 3 ರನ್ನಿಗೆ, ವಾಪಸು ಕಳಿಸಿದರೂ ಭಾರತ 267 ರನ್ನಿನಿಂದ ಸೋತಿತು.

ಅದೇ ಅಂಗಳಕ್ಕೆ 1977ರ ಜನವರಿ ಕೊನೆಯಲ್ಲಿ ಬೇಡಿ ನಾಯಕರಾಗಿ ಬಂದರು. ಇಂಗ್ಲೆಂಡ್ ಮೊದಲ ಮೂರೂ ಟೆಸ್ಟ್ ಗೆದ್ದು ಸರಣಿಯನ್ನು ಆಗಲೇ ಕಿಸೆಗೆ ಹಾಕಿಕೊಂಡಿತ್ತು. ಭಾರತದ ಹನ್ನೊಂದರಲ್ಲಿ ಕರ್ನಾಟಕದವರೇ ಐವರು: ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ, ಪ್ರಸನ್ನ, ಚಂದ್ರ. ಮೊದಲ ಇನಿಂಗ್ಸಿನಲ್ಲಿ ಚಂದ್ರ 76ಕ್ಕೆ 6, ಎರಡನೆಯದರಲ್ಲಿ ಬೇಡಿ 71ಕ್ಕೆ 6. ಬ್ಯಾಟಿನ ಮಗ್ಗುಲಲ್ಲೇ ನಿಂತ ಹೊಸ ಹುಡುಗ ಯಜುರ್ವೀಂದ್ರ ಸಿಂಗ್ ಪಂದ್ಯದಲ್ಲಿ 7 ಕ್ಯಾಚು ಹಿಡಿದು ವಿಶ್ವದಾಖಲೆ ಸರಿಗಟ್ಟಿದರು. ಭಾರತಕ್ಕೆ 140 ರನ್ ಗೆಲುವು, ಆ ಸರಣಿಯ ಒಂದೇ ಗೆಲುವು. ನಮ್ಮ ಭಾಗದ ಹಿರಿಯರಿಗೆ ಬೇಡಿ ಎಂದಾಕ್ಷಣ ನೆನಪಾಗುವುದು ಈ ಪಂದ್ಯವೇ. ರೇಡಿಯೊ ಸುತ್ತ ಕುಳಿತವರಿಗೆ ಊಟದ ನೆನಪಿರಲಿಲ್ಲ ಎಂದರೆ ಉತ್ಪ್ರೇಕ್ಷೆ ಎನ್ನಬೇಡಿ.

ಎರಡೇ ವರ್ಷ. 1978-79ರ ರಣಜಿ ಫೈನಲ್‌ಗೆ ಬೇಡಿ ಬೆಂಗಳೂರಿಗೆ ಬಂದದ್ದು ದಿಲ್ಲಿಯ ನಾಯಕರಾಗಿ. ಕರ್ನಾಟಕವನ್ನು 399 ರನ್ನಿನಿಂದ ಸೋಲಿಸಿ ದಿಲ್ಲಿಗೆ ಮೊತ್ತಮೊದಲ ರಣಜಿ ಟ್ರೋಫಿ ಗೆದ್ದುಕೊಟ್ಟರು. ಆ ನೋವು ಇನ್ನೂ ಕೆಲವರಿಗೆ ಆರಿಲ್ಲ, ಆದರೆ ಬೇಡಿಯ ಮೇಲೆ ಸಿಟ್ಟೂ ಇಲ್ಲ.

ಸಿಟ್ಟು ಬರದಿರಲು ಕಾರಣ ಆ ಮನುಷ್ಯನ ನಡತೆ. 1976ರಲ್ಲಿ ಜಮೈಕಾದ ಸಬೀನಾ ಪಾರ್ಕಿನಲ್ಲಿ ವೆಸ್ಟ್ ಇಂಡೀಸ್ ವೇಗಿಗಳು ಮೈಗೇ ಗುರಿಯಿಟ್ಟಾಗ ಗಾಯಗೊಂಡವರಲ್ಲಿ ನಮ್ಮ ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರೂ ಇದ್ದರು. ಬೇಡಿ 6 ವಿಕೆಟ್‌ಗೆ 306 ಎಂಬಲ್ಲಿಗೆ ಇನಿಂಗ್ಸ್ ನಿಲ್ಲಿಸಿ ತಮ್ಮ ಪ್ರತಿಭಟನೆ ತೋರಿಸಿದರು. 1978ರಲ್ಲಿ ಪಾಕಿಸ್ತಾನದ ಸಾಹಿವಾಲ್‌ನಲ್ಲಿ 14 ಎಸೆತಕ್ಕೆ 23 ರನ್ ಬೇಕಿದ್ದು ಗೆಲುವು ಕಣ್ಣೆದುರಿತ್ತು. ಸರ್ಫರಾಜ್ ನವಾಜ್ ತಲೆ ಮೇಲೆ ಹಾರುವ ಬೌನ್ಸರ್‌ಗಳನ್ನೇ ಹಾಕುತ್ತಿದ್ದರೂ ಅಂಪೈರುಗಳು ವೈಡ್ ಕೊಡಲಿಲ್ಲ. ಬೇಡಿ ಬ್ಯಾಟ್ಸ್‌ಮನ್ನರನ್ನು ವಾಪಸು ಕರೆಸಿ ಪಂದ್ಯವನ್ನೇ ಬಿಟ್ಟುಕೊಟ್ಟರು. 2020ರಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ರಾಜಕಾರಣಿಯ ಪ್ರತಿಮೆ ನಿಲ್ಲಿಸುವ ಸುದ್ದಿ ಬಂದಾಗ, ಅಲ್ಲಿನ ಸ್ಟ್ಯಾಂಡಿಗಿಟ್ಟ ತಮ್ಮ ಹೆಸರನ್ನೇ ತೆಗೆದುಹಾಕಿ ಎಂದು ಪತ್ರ ಬರೆದರು. ಹಟವೇ ಹೆಚ್ಚಾಯಿತು ಎನ್ನುವವರಿದ್ದಾರೆ. ಇರಲಿ. ಲಾಭ-ನಷ್ಟ ಲೆಕ್ಕ ಹಾಕಿ ಹಟ ಮಾಡಿದವರಲ್ಲ ಅವರು.

ಅಂಕಿಗಳನ್ನೂ ಹೇಳಬೇಕು. ಬೇಡಿ 67 ಟೆಸ್ಟ್‌ಗಳಲ್ಲಿ 266 ವಿಕೆಟ್, ಚಂದ್ರ 58ರಲ್ಲಿ 242, ಪ್ರಸನ್ನ 49ರಲ್ಲಿ 189, ವೆಂಕಟ್ 57ರಲ್ಲಿ 156. ಒಟ್ಟು 853. ಈ ನಾಲ್ವರೂ ಒಟ್ಟಿಗೆ ಆಡಿದ್ದು ಒಂದೇ ಒಂದು ಟೆಸ್ಟ್, 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ. ಪ್ರಥಮ ದರ್ಜೆಯಲ್ಲಿ ಬೇಡಿ ಕಿತ್ತದ್ದು 1,560 ವಿಕೆಟ್. ಭಾರತದ ಬೇರೆ ಯಾವ ಬೌಲರನೂ ಅಲ್ಲಿಗೆ ಮುಟ್ಟಿಲ್ಲ.

ಬೇಡಿ ಹೋದ ಅದೇ ಸೋಮವಾರ ಚೆನ್ನೈನಲ್ಲಿ ಅಫ್ಗಾನಿಸ್ತಾನ ನಾಲ್ವರು ಸ್ಪಿನ್ನರುಗಳನ್ನು ಇಳಿಸಿ ಪಾಕಿಸ್ತಾನವನ್ನು 8 ವಿಕೆಟ್‌ಗಳಿಂದ ಸೋಲಿಸಿತು. ಎಡಗೈಯ ನೂರ್ ಅಹ್ಮದ್‌ಗೆ 3 ವಿಕೆಟ್. ಸ್ಪಿನ್ ಸತ್ತಿಲ್ಲ. ಕಡಿಮೆಯಾಗಿರುವುದು ಚೆಂಡನ್ನು ಗಾಳಿಗೆ ಬಿಡುವ ಎದೆಗಾರಿಕೆ. ವಾಡಿ, ಶಹಾಬಾದಿನ ಸಿಮೆಂಟ್ ಕಾಲೊನಿಯ ಮೈದಾನಗಳಲ್ಲಾಗಲಿ, ಸೇಡಂ, ಚಿತ್ತಾಪುರದ ಟೆನಿಸ್ ಬಾಲ್ ಟೂರ್ನಿಗಳಲ್ಲಾಗಲಿ ಎಡಗೈ ಹುಡುಗನಿಗೆ ಮೊದಲು ಸಿಗುವ ಪಾಠ, ಜೋರಾಗಿ ಚಪ್ಪಟೆ ಹಾಕು, ರನ್ ಉಳಿಸು ಎಂದು. ತಂಡ ನಡೆಸುವ ಅಣ್ಣಂದಿರಲ್ಲಿ, ತರಬೇತುದಾರರಲ್ಲಿ ಒಂದು ಬೇಡಿಕೆ: ಈ ಹಂಗಾಮಿನಲ್ಲಿ ಅಂಥ ಒಬ್ಬ ಹುಡುಗನಿಗೆ ಎತ್ತಿ ಹಾಕಲು ಹೇಳಿ. ಮೊದಲ ಓವರಿನಲ್ಲಿ ಎರಡು ಸಿಕ್ಸರ್ ಬಿದ್ದರೂ ಬೈಯದೆ ಎರಡನೆಯ ಓವರನ್ನೂ ಅವನಿಗೇ ಕೊಡಿ.