ಕಲ್ಲಿನ ಮೇಲಿನ ಹೆಸರುಗಳು



ಬೆನ್ನಿಗೊಂದು ಚೀಲ ಏರಿಸಿ, ಒಂದೇ ದಿನದಲ್ಲಿ ಮಹಾನಗರವೊಂದನ್ನು ನೋಡಿ ಬರುವ ಪಯಣಿಗರನ್ನು ನೀವು ಬಲ್ಲಿರಿ. ನಿಮ್ಮ ಮನೆಯ ಮಗನೋ ಮಗಳೋ ಹಾಗೆ ಹೊರಟಿರಲೂಬಹುದು. ಈ ಬಗೆಯ ಪ್ರಯಾಣವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಕಾಲ್ನಡಿಗೆಯಲ್ಲಿ ತಿರುಗಿ, ಊರಿನ ಜನ ಉಣ್ಣುವುದನ್ನೇ ಉಣ್ಣುವವರಿಗೆ ನಗರವು ತನ್ನ ನಿಜವಾದ ಮುಖವನ್ನು ತೋರುತ್ತದೆ. ಆದರೆ ಅಂಥ ದಿನದ ನಡುವೆ ವಸ್ತುಸಂಗ್ರಹಾಲಯವೊಂದು ಎದುರಾದಾಗ ಪ್ರಶ್ನೆಯೊಂದು ಏಳುತ್ತದೆ: ಅದು ನಮಗೆ ತೋರಿಸುವುದೇನು, ಮರೆಮಾಡುವುದೇನು? ಕೋಲ್ಕತ್ತಾ ನಗರವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಹೌರಾ ನಿಲ್ದಾಣದಲ್ಲಿ ಇಳಿದು, 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯ ಮೇಲೆ ಹೂಗ್ಲಿ ನದಿಯನ್ನು ದಾಟಿ ಬಂದರೆ, ಚೌರಂಗಿಯ ಬಳಿ ಸಡರ್ ಸ್ಟ್ರೀಟ್ ಎಂಬ ಬೀದಿಯಿದೆ. ದೇಶವಿದೇಶಗಳ ಬಡ ಪಯಣಿಗರು ದಶಕಗಳಿಂದ ತಂಗುತ್ತ ಬಂದಿರುವ ಬೀದಿಯಿದು. ಅಗ್ಗದ ವಸತಿಗೃಹಗಳು, ಚಹಾದಂಗಡಿಗಳು, ಮನುಷ್ಯರೇ ಎಳೆಯುವ ರಿಕ್ಷಾಗಳು ಇಲ್ಲಿ ಒತ್ತೊತ್ತಾಗಿವೆ. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಠಾಕೂರರು ಈ ಬೀದಿಯ ಮನೆಯೊಂದರಲ್ಲಿ ವಾಸವಾಗಿದ್ದರು. ಒಂದು ಮುಂಜಾನೆ ಮರಗಳ ಮರೆಯಿಂದ ಏರಿದ ಸೂರ್ಯನನ್ನು ಕಂಡ ಅನುಭವದಿಂದ ಅವರ 'ನಿರ್ಝರೇರ್ ಸ್ವಪ್ನಭಂಗ' ಎಂಬ ಕವಿತೆ ಹುಟ್ಟಿತು. ಅವರು ಅಂದು ನೋಡಿದ್ದು ಒಂದನ್ನೇ. ಆದರೆ ಮನಸ್ಸಿಟ್ಟು ನೋಡಿದರು.

ಈ ಬೀದಿಗೆ ಹೊಂದಿಕೊಂಡಂತೆಯೇ ಭಾರತೀಯ ವಸ್ತುಸಂಗ್ರಹಾಲಯವಿದೆ. ಏಷ್ಯಾಟಿಕ್ ಸೊಸೈಟಿಯ ಆಶ್ರಯದಲ್ಲಿ, ಡೆನ್ಮಾರ್ಕಿನ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಚ್ ಅವರ ಪ್ರಯತ್ನದಿಂದ 1814ರಲ್ಲಿ ಆರಂಭವಾದ ಈ ಸಂಸ್ಥೆ, ನಮ್ಮ ದೇಶದ ವಸ್ತುಸಂಗ್ರಹಾಲಯಗಳಲ್ಲೇ ಹಿರಿಯದು. ಈಗಿನ ಭವನ 1878ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಲೆ, ಪುರಾತತ್ತ್ವ, ಮಾನವಶಾಸ್ತ್ರ, ಭೂವಿಜ್ಞಾನ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಎಂಬ ಆರು ವಿಭಾಗಗಳು. ಒಟ್ಟು 35 ಪ್ರದರ್ಶನಾಂಗಣಗಳು. ಒಂದೊಂದಕ್ಕೆ ಐದೇ ನಿಮಿಷ ಕೊಟ್ಟರೂ ಮೂರು ತಾಸು ಬೇಕು. ಈಜಿಪ್ಟಿನ ಮಮ್ಮಿ, ಭಾರಿ ಪ್ರಾಣಿಗಳ ಅಸ್ಥಿಪಂಜರಗಳು, ಆಕಾಶದಿಂದ ಬಿದ್ದ ಉಲ್ಕೆಗಳು, ಬಿಹಾರದ ರಾಂಪುರ್ವದಿಂದ ತಂದ ಅಶೋಕನ ಕಾಲದ ಸಿಂಹ, ಎಲ್ಲವೂ ಒಂದೇ ಸೂರಿನಡಿ. ಬಂಗಾಳದ ಜನ ಇದನ್ನು 'ಜಾದುಘರ್' ಎಂದು ಕರೆಯುವುದು ಸಹಜವೇ ಆಗಿದೆ.

ನನ್ನ ಮೊದಲ ಆಕ್ಷೇಪವಿರುವುದು ಇಲ್ಲಿಯೇ. ಜಾದು ನಮ್ಮನ್ನು ಬೆರಗುಗೊಳಿಸುತ್ತದೆ, ಪರಿಚಯ ಮಾಡಿಕೊಡುವುದಿಲ್ಲ. ಜಗತ್ತಿನ ಸಕಲ ವಸ್ತುಗಳನ್ನೂ ಒಂದೆಡೆ ಕೂಡಿಹಾಕಬೇಕೆಂಬ ಹತ್ತೊಂಬತ್ತನೆಯ ಶತಮಾನದ ಹಂಬಲದಿಂದ ರೂಪುಗೊಂಡ ಭವನದಲ್ಲಿ, ಅವಸರದ ಪಯಣಿಗನು ಒಂದು ಅಚ್ಚರಿಯಿಂದ ಮತ್ತೊಂದಕ್ಕೆ ಜಾರುತ್ತಾನೆ. ಸಂಜೆಗೆ ಅವನ ಬಳಿ ನೂರು ಚಿತ್ರಗಳಿರುತ್ತವೆ, ಒಂದು ಕಥೆಯೂ ಇರುವುದಿಲ್ಲ.

ಆದುದರಿಂದ, ಓದುಗರೇ, ಒಂದು ಅಂಗಣವನ್ನಷ್ಟೇ ಆರಿಸಿಕೊಳ್ಳಿ. ಅದು ಭಾರ್ಹುತ್ ಅಂಗಣವಾಗಿರಲಿ. ಇಂದಿನ ಮಧ್ಯಪ್ರದೇಶದ ಸತ್ನಾ ಜಿಲ್ಲೆಯ ಭಾರ್ಹುತ್‌ನಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ, ಬೌದ್ಧ ಸ್ತೂಪವೊಂದರ ಸುತ್ತ ಕೆಂಪು ಮರಳುಗಲ್ಲಿನ ಕಟಾಂಜನ ಎದ್ದಿತು. ಅದರ ಕಂಬಗಳ ಮೇಲೆ ಜಾತಕ ಕಥೆಗಳಿವೆ. ಗೃಹಸ್ಥನಾದ ಅನಾಥಪಿಂಡಿಕನು ನೆಲದ ತುಂಬ ನಾಣ್ಯ ಹಾಸಿ, ಜೇತವನವನ್ನು ಕೊಂಡು ದಾನವಿತ್ತ ಪ್ರಸಂಗವಿದೆ. ಎತ್ತಿನ ಗಾಡಿಯಿಂದ ನಾಣ್ಯ ಇಳಿಸುವವರನ್ನೂ ಶಿಲ್ಪಿ ಬಿಟ್ಟಿಲ್ಲ. ಬುದ್ಧನನ್ನು ಮಾತ್ರ ಎಲ್ಲಿಯೂ ಮಾನವರೂಪದಲ್ಲಿ ಕೆತ್ತಿಲ್ಲ. ಬರಿದಾದ ಆಸನ, ಬೋಧಿವೃಕ್ಷ, ಹೆಜ್ಜೆಗುರುತು, ಚಕ್ರ ಇವೇ ಅವನ ಸಾನ್ನಿಧ್ಯವನ್ನು ಸೂಚಿಸುತ್ತವೆ.

ಇದಕ್ಕಿಂತಲೂ ಮನಸ್ಸನ್ನು ತಟ್ಟುವುದು ಅಲ್ಲಿನ ಬ್ರಾಹ್ಮೀ ಬರಹಗಳು. ಎಷ್ಟೋ ಶಿಲ್ಪಗಳಿಗೆ ಶಿಲ್ಪಿಗಳೇ ಹೆಸರು ಕೆತ್ತಿದ್ದಾರೆ. ಯಾತ್ರಿಕನು ಇದು ಯಾವ ಕಥೆಯೆಂದು ತಿಳಿಯಲಿ ಎಂಬ ಕಾಳಜಿ ಅವರದು. ಜೊತೆಗೆ ದಾನಿಗಳ ಹೆಸರುಗಳಿವೆ. ಮೊದಲ ಕಂಬವು ವಿದಿಶೆಯ ಚಾಪದೇವಿಯ ದಾನ. ಆಕೆ ರೇವತೀಮಿತ್ರನ ಪತ್ನಿ. ಮಹಾದ್ವಾರವನ್ನು ಧನಭೂತಿಯೆಂಬ ಅರಸನು ಮಾಡಿಸಿದನು. ಉಳಿದಂತೆ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ದೂರದ ಪಾಟಲಿಪುತ್ರದವರು, ಹೀಗೆ ಒಬ್ಬೊಬ್ಬರೂ ಒಂದೊಂದು ಕಂಬವನ್ನೋ ಅಡ್ಡಪಟ್ಟಿಯನ್ನೋ ಕೊಟ್ಟು ಕಟ್ಟಿದ ಕಟಾಂಜನವಿದು. ಅರಸನ ಹೆಸರಿರುವ ಕಲ್ಲಿನಲ್ಲೇ ಗೃಹಿಣಿಯ ಹೆಸರೂ ಉಳಿದಿದೆ.

ಇದು ಕೋಲ್ಕತ್ತೆಗೆ ಬಂದ ಬಗೆ ಹೇಗೆ? 1873ರಲ್ಲಿ ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಭಾರ್ಹುತ್‌ಗೆ ಬಂದಾಗ, ಸುತ್ತಲಿನ ಹಳ್ಳಿಗರು ಮನೆ ಕಟ್ಟಲು ಅದಾಗಲೇ ಬಹಳಷ್ಟು ಕಲ್ಲುಗಳನ್ನು ಒಯ್ದಿದ್ದರು. ಉಳಿದುದನ್ನು ಕಾಪಾಡಲು ಅವರು ಕಲ್ಲುಗಳನ್ನು ಕೋಲ್ಕತ್ತೆಗೆ ಸಾಗಿಸಿದರು. ಸಾಗಿಸದಿದ್ದರೆ ಚಾಪದೇವಿಯ ಹೆಸರು ಯಾರದೋ ಗೋಡೆಯೊಳಗೆ ಹುದುಗಿಹೋಗುತ್ತಿತ್ತೇನೋ. ಈ ಉಪಕಾರವನ್ನು ಒಪ್ಪಲೇಬೇಕು. ಆದರೂ ಅಂಗಣದಲ್ಲಿ ನಿಂತಾಗ ಒಂದು ಕೊರತೆ ಕಾಡುತ್ತದೆ. ಭಕ್ತರು ಪ್ರದಕ್ಷಿಣೆ ಬರಲೆಂದು ಕಟ್ಟಿದ ಕಟಾಂಜನ ಇಲ್ಲಿದೆ. ಅದು ಸುತ್ತುವರಿದಿದ್ದ ಸ್ತೂಪ ಇಲ್ಲಿಲ್ಲ. ಪವಿತ್ರವಾದುದನ್ನು ಕಾಯುತ್ತಿದ್ದ ಬೇಲಿಯು ಈಗ ತಾನೇ ಪ್ರದರ್ಶನದ ವಸ್ತುವಾಗಿದೆ.

ಬೇರೆ ದಾರಿಯೂ ಇತ್ತು. ಮೂಲ ಶಿಲ್ಪಗಳು ಇದ್ದಲ್ಲೇ ಇರಲಿ, ಸಂಗ್ರಹಾಲಯಗಳು ಅಚ್ಚುಪ್ರತಿಗಳನ್ನು ಇಟ್ಟುಕೊಳ್ಳಲಿ ಎಂದು ಎಚ್. ಎಚ್. ಕೋಲ್ ಎಂಬ ಅಧಿಕಾರಿ ಆ ಕಾಲದಲ್ಲೇ ವಾದಿಸಿದ್ದರು. ಸಾಂಚಿಯ ತೋರಣಗಳು ಸಾಂಚಿಯಲ್ಲೇ ಉಳಿದವು. ಅಮರಾವತಿಯ ಶಿಲ್ಪಗಳು ಚೆನ್ನೈಗೂ ಲಂಡನ್ನಿಗೂ ಹಂಚಿಹೋದವು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಸ್ತೂಪದಲ್ಲೂ ಶಿಲ್ಪಗಳಿಗೆ ಬ್ರಾಹ್ಮಿಯಲ್ಲಿ ಹೆಸರು ಬರೆದಿದ್ದಾರೆ. ಅಶೋಕನ ಶಿಲ್ಪದ ಮೇಲೆ ಅವನ ಹೆಸರೇ ಇದೆ. ಆ ಫಲಕಗಳ ಬಹುಪಾಲು ಭೀಮಾ ತೀರದಲ್ಲೇ ಉಳಿದಿವೆ. ನೆಲದಿಂದ ಎತ್ತಿ ತಂದ ವಸ್ತುವಿನ ಮೇಲೆ ಸಂಗ್ರಹಾಲಯಕ್ಕೆ ಒಂದು ಋಣವಿದೆ: ಅದು ಎಲ್ಲಿತ್ತು, ಯಾರು ಕೊಟ್ಟರು, ಯಾತಕ್ಕಾಗಿ ನಿಂತಿತ್ತು ಎಂಬುದನ್ನು ನೋಡುಗನಿಗೆ ಹೇಳುವ ಋಣ. ಹಾಗೆ ಹೇಳದ ಸಂಗ್ರಹಾಲಯ ಬರಿಯ ಉಗ್ರಾಣ.

ಅದೇ ಸಂಜೆ ಕಾಲ್ನಡಿಗೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಗೆ ಬನ್ನಿ. ಸಡರ್ ಸ್ಟ್ರೀಟಿನಲ್ಲಿ ತಂಗಿದ ಪಯಣಿಗರಲ್ಲಿ ಅನೇಕರು ಸ್ವಯಂಸೇವೆಗಾಗಿ ಹುಡುಕಿಕೊಂಡು ಬರುವ ಮದರ್ ಹೌಸ್ ಇಲ್ಲಿದೆ. 2016ರಲ್ಲಿ ಸಂತ ಪದವಿಗೇರಿದ ಮದರ್ ತೆರೇಸಾ 1953ರಿಂದ 1997ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯಿದು. ಅವರ ಸವೆದ ಚಪ್ಪಲಿ, ಊಟದ ಬಟ್ಟಲು, ಅಡುಗೆಮನೆಯ ಮೇಲಿನ ಪುಟ್ಟ ಕೋಣೆ, ಅದರಲ್ಲೊಂದು ಕಿರಿದಾದ ಮಂಚ. 35 ಅಂಗಣಗಳ ಮುಂದೆ ಇದು ಏನೂ ಅಲ್ಲ. ಆದರೂ ಇಲ್ಲಿ ವಿವರಣೆಯ ಅಗತ್ಯವೇ ಬೀಳುವುದಿಲ್ಲ. ಮಂಚವು ತಾನಿದ್ದ ಜಾಗದಲ್ಲೇ ಇದೆ, ಆ ಮನೆಯ ಕೆಲಸವೂ ನಿಂತಿಲ್ಲ. ಎರಡನ್ನೂ ಒಂದೇ ದಿನ ನೋಡಿದವನಿಗೆ, ವಸ್ತುವಿಗೆ ಅದರ ನೆಲೆಯೇ ಅರ್ಧ ಅರ್ಥವೆಂಬುದು ಮನವರಿಕೆಯಾಗುತ್ತದೆ.

ಈ ವಿಚಾರ ನಮ್ಮ ಊರುಗಳಿಗೂ ಸಲ್ಲುತ್ತದೆ. ನಮ್ಮ ಹಳೆಯ ದೇವಾಲಯಗಳ ಗಂಟೆಗಳ ಮೇಲೆ, ಬೆಂಚುಗಳ ಬೆನ್ನಿನ ಮೇಲೆ, ನೆಲಗಲ್ಲುಗಳ ಮೇಲೆ ಇಂಥವರ ಕಾಣಿಕೆಯೆಂಬ ಬರಹಗಳಿರುತ್ತವೆ. ಹೊಸ ಕಟ್ಟಡದ ಉತ್ಸಾಹದಲ್ಲಿ ಅವುಗಳಿಗೆ ಏನಾಗುತ್ತದೆ? ಭಾರ್ಹುತ್‌ನ ಕಲ್ಲುಗಳನ್ನು ಒಯ್ದವರೂ ಕೆಟ್ಟವರಾಗಿರಲಿಲ್ಲ. ಆ ಅಕ್ಷರಗಳನ್ನು ಓದಬಲ್ಲವರು ಅಲ್ಲಿ ಉಳಿದಿರಲಿಲ್ಲ, ಅಷ್ಟೇ. ನಮ್ಮ ಗಂಟೆಗಳ ಮೇಲಿನ ಅಕ್ಷರಗಳನ್ನು ನಾವಿನ್ನೂ ಓದಬಲ್ಲೆವು. ಮುಂದಿನ ಬಾರಿ ನಿಮ್ಮ ಮಕ್ಕಳು ಬೆನ್ನಿಗೆ ಚೀಲವೇರಿಸಿ ಹೊರಟಾಗ, ಎಷ್ಟು ನೋಡಿ ಬಂದೆಯೆಂದು ಕೇಳಬೇಡಿ. ಯಾರ ಹೆಸರನ್ನು ಓದಿ ಬಂದೆಯೆಂದು ಕೇಳಿ.